ಬೆನ್ನ ಹಿಂದೆ ಧರೆ, ಎದುರಿಗೆ ಕಡಲು

(ಕಾರವಾರದಲ್ಲಿ ಸುತ್ತಾಟ ಇಷ್ಟಪಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಡಗಿನಲ್ಲಿ ದುಡಿದು ಬಂದವರಿದ್ದಾರೆ, ಮೀನುಗಾರಿಕೆಯ ಮನೆಯವರಿದ್ದಾರೆ. ಘಟ್ಟದ ಮೇಲಿನಿಂದ, ಶಿರಸಿ ಸಿದ್ದಾಪುರದಿಂದ ಇಳಿದು ಬಂದವರೂ ಇದ್ದಾರೆ. ನಿಮಗೆ ಕಡಲು ಹೊಸದಲ್ಲ. ಹಾಗಾಗಿ ನಾನು ಇವತ್ತು ಕಡಲಿಗೆ ಬೆನ್ನು ಹಾಕಿ ನಿಂತರೆ ಏನು ಕಾಣುತ್ತದೆ ಅನ್ನುವುದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಈಗ ನಮ್ಮ ಜಿಲ್ಲೆಯ ಮಕ್ಕಳು ಹೊರದೇಶದಲ್ಲಿ ಕೆಲಸಕ್ಕಿದ್ದಾರೆ. ರಜೆ ಸಿಕ್ಕರೆ ಗ್ರೀಸಿನ ಸಾಂಟೊರಿನಿಗೋ, ಸ್ಪೇನಿನ ಟೆನೆರಿಫ್‌ಗೋ, ಐಸ್‌ಲ್ಯಾಂಡಿಗೋ, ಹವಾಯಿಗೋ ಹೋಗುತ್ತಾರೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುತ್ತಾರೆ. ಇವೆಲ್ಲ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳು. ಅಲ್ಲಿನ ಹೆಸರಾಂತ ಬೀಚುಗಳಲ್ಲಿ ಬಹಳಷ್ಟಕ್ಕೆ ಒಂದೇ ಲಕ್ಷಣ. ಮುಂದೆ ಕಡಲು, ಹಿಂದೆ ನೆಟ್ಟಗೆ ನಿಂತ ಬಂಡೆಯ ಗೋಡೆ, ನಡುವೆ ಒಂದು ಸಣ್ಣ ಪಟ್ಟಿ ಮರಳು. ವಾಟ್ಸಾಪಿನಲ್ಲಿ ಬರುವ ಫೋಟೊ ನೋಡಿ. ಎಲ್ಲರೂ ಆ ಗೋಡೆಯ ಬುಡದಲ್ಲೇ ನಿಂತಿರುತ್ತಾರೆ. ಚೆಂದ ಕಾಣುತ್ತದೆ, ನಿಜ. ಆ ಗೋಡೆಯಿಂದ ಕಳಚಿ ಬಿದ್ದದ್ದೇ ಕಾಲ ಕೆಳಗಿನ ಬೀಚು ಅನ್ನುವುದು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ: ಇಂಥ ಕಡೆ ಹೋದಾಗ ಟವೆಲ್ ಹಾಸುವ ಮೊದಲು ತಿರುಗಿ ನಿಂತು ಧರೆ, ಅಂದರೆ ಆ ಕಡಿದಾದ ಗೋಡೆ, ನೋಡಿ. ಅದನ್ನು ನೋಡಲು ಕಲಿತರೆ ಈ ಜಾಗಗಳ ಸೊಬಗು ಇನ್ನೂ ಹತ್ತು ಪಟ್ಟು ಜಾಸ್ತಿ ಕಾಣುತ್ತದೆ.

ಮೊದಲು ಈ ದ್ವೀಪಗಳ ಬಗ್ಗೆ ಸ್ವಲ್ಪ. ನಮ್ಮ ಕೂರ್ಮಗಡ, ಅಂಜುದೀವ, ದೇವಗಡ ಇವೆಲ್ಲ ದಡದ ಗುಡ್ಡಗಳ ತುಂಡುಗಳು. ಸುತ್ತ ನೀರು ನಿಂತಿದೆ, ಅಷ್ಟೇ. ನಮ್ಮ ಕಡೆ ಕಡಲ ತಳ ನಿಧಾನವಾಗಿ ಇಳಿಯುತ್ತದೆ. ದಡದಿಂದ ಹತ್ತಾರು ಕಿಲೋಮೀಟರ್ ಹೋದರೂ ಆಳ 100 ಮೀಟರ್ ಮುಟ್ಟುವುದಿಲ್ಲ. ಜ್ವಾಲಾಮುಖಿ ದ್ವೀಪ ಹಾಗಲ್ಲ. ಸಾಗರದ ತಳದಿಂದ ಎದ್ದ ಪರ್ವತದ ತುದಿ ಅದು. ಟೆನೆರಿಫ್‌ನ ತೈದೆ ಶಿಖರ ನೀರಿನ ಮೇಲೆ 3,715 ಮೀಟರ್ ಇದೆ, ಸಾಗರದ ತಳದಿಂದ ಅಳೆದರೆ ಸುಮಾರು 7,500 ಮೀಟರ್. ಅಂದರೆ ಅರ್ಧ ಬೆಟ್ಟ ನೀರಿನೊಳಗೇ ಇದೆ. ಅಲ್ಲಿ ಬೀಚು ಅಂದರೆ ಆ ಬೆಟ್ಟದ ಇಳಿಜಾರಿನಲ್ಲಿ ಸಿಕ್ಕ ಒಂದು ಚಿಕ್ಕ ಮೆಟ್ಟಿಲು. ನೀರಿಗೆ ನಾಲ್ಕು ಹೆಜ್ಜೆ ಇಟ್ಟರೆ ಕಾಲು ತಳಕ್ಕೆ ಎಟುಕದೇ ಹೋಗಬಹುದು. ಅಲೆಯೂ ದೂರದಲ್ಲಿ ಒಡೆದು ಸುಸ್ತಾಗಿ ಬರುವುದಿಲ್ಲ. ಪೂರ್ತಿ ಬಲ ಇಟ್ಟುಕೊಂಡು ದಡದ ಮೇಲೇ ಬಂದು ಕವುಚುತ್ತದೆ. ಕಾರವಾರದ ಟಾಗೋರ್ ಬೀಚಿನಲ್ಲಿ ಮೊಣಕಾಲ ನೀರಿನಲ್ಲಿ ನಡೆದು ರೂಢಿಯಾದವರಿಗೆ ಇದು ತಕ್ಷಣ ಅಂದಾಜಿಗೆ ಸಿಗುವುದಿಲ್ಲ.

ಇನ್ನು ಧರೆಯ ವಿಷಯ. ಜ್ವಾಲಾಮುಖಿ ಒಂದೇ ಸಲ ಉಗುಳಿ ಸುಮ್ಮನಾಗುವುದಿಲ್ಲ. ಒಂದು ಸಲ ಲಾವಾ ಹರಿಯುತ್ತದೆ, ಆರಿ ಗಟ್ಟಿ ಕಲ್ಲಾಗುತ್ತದೆ. ಇನ್ನೊಂದು ಸಲ ಬೂದಿ ಮತ್ತು ತೂತು ತೂತಾದ ಹಗುರ ಕಲ್ಲಿನ ಚೂರು ಬಿದ್ದು ರಾಶಿಯಾಗುತ್ತದೆ. ಅದರ ಮೇಲೆ ಮತ್ತೆ ಲಾವಾ. ಹೀಗೆ ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ ಎಂದು ಸಾವಿರಾರು ವರ್ಷ ಪದರ ಕೂಡುತ್ತವೆ. ಕಡಲು ಬುಡದಿಂದ ತಿನ್ನಲು ಶುರು ಮಾಡಿದಾಗ ಮೆತ್ತಗಿನ ಪದರ ಮೊದಲು ಹೋಗುತ್ತದೆ. ಮೇಲಿನ ಗಟ್ಟಿ ಪದರಕ್ಕೆ ಆಧಾರ ತಪ್ಪುತ್ತದೆ. ಲಾವಾ ಆರುವಾಗಲೇ ಅದರಲ್ಲಿ ಮೇಲಿಂದ ಕೆಳಗೆ ಬಿರುಕು ಬಿದ್ದಿರುತ್ತದೆ. ಹಾಗಾಗಿ ಅದು ಜರಿಯುವಾಗ ನಿಧಾನಕ್ಕೆ ಜಾರುವುದಿಲ್ಲ, ಕಂಬ ಕಂಬವಾಗಿ, ದಿಮ್ಮಿ ದಿಮ್ಮಿಯಾಗಿ ಕಳಚಿ ಬೀಳುತ್ತದೆ. ಕೆಳಗಿನ ಎರಡು ಸಾಲು ಚಿರೆಕಲ್ಲು (ಜಂಬಿಟ್ಟಿಗೆ) ಕಿತ್ತ ಗೋಡೆಯ ಹಾಗೆ.

ಚಿರೆಕಲ್ಲಿನ ಮಾತು ಬಂತು. ನಮ್ಮ ಗುಡ್ಡಗಳಿಗೂ ಈ ಸ್ವಭಾವ ಇದೆ. ನಮ್ಮಲ್ಲಿ ಲಾವಾ ಇಲ್ಲ, ಬೂದಿ ಇಲ್ಲ. ಆದರೆ ಮೇಲೆ ಗಟ್ಟಿ ಚಿರೆಕಲ್ಲಿನ ಟೊಪ್ಪಿಗೆ, ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಬಾವಿ ತೋಡಿಸಿದವರಿಗೆಲ್ಲ ಇದು ಗೊತ್ತು. ಮಳೆಗಾಲದಲ್ಲಿ ನೀರು ಚಿರೆಕಲ್ಲಿನ ತೂತಿನಲ್ಲಿ ಇಳಿದು ಶೇಡಿಯಲ್ಲಿ ನಿಲ್ಲುತ್ತದೆ. ಶೇಡಿ ನೀರು ಕುಡಿದು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಕೆಳಗೆ ರಸ್ತೆಗೆಂದೋ ಮನೆಗೆಂದೋ ಬುಡ ಕಡಿದಿದ್ದರೆ ಧರೆ ಜರಿದು ಬರುತ್ತದೆ. 2009ರ ಅಕ್ಟೋಬರ್ 2ರಂದು ನಮ್ಮ ಪಕ್ಕದ ಕಡವಾಡದಲ್ಲಿ 19 ಜನ ಹೋದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ದಿನ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಧರೆಯ ಕೆಳಗೆ ಬದುಕುವುದು ಅಂದರೆ ಏನು ಅಂತ ಈ ಜಿಲ್ಲೆಯವರಿಗೆ ಗೊತ್ತು. ಆ ತಿಳಿವಳಿಕೆಯನ್ನು ನಾವು ಪ್ರವಾಸಕ್ಕೆ ಹೋಗುವಾಗ ಮನೆಯಲ್ಲಿ ಬಿಟ್ಟು ಹೋಗಬಾರದು.

ಟೆನೆರಿಫ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಲಾಸ್ ಹಿಗಾಂತೆಸ್ ಅಂತ ಒಂದು ಊರು. ಅಲ್ಲಿನ ಧರೆ 300ರಿಂದ 600 ಮೀಟರ್ ಎತ್ತರ. ಬುಡದಲ್ಲಿ ಪುಟ್ಟ ಕಪ್ಪು ಮರಳಿನ ಬೀಚು. 2009ರಲ್ಲಿ ಧರೆಯ ಒಂದು ಭಾಗ ಕಳಚಿ ಬೀಚಿನ ಮೇಲೆ ಬಿತ್ತು, ಇಬ್ಬರು ಹೆಂಗಸರು ತೀರಿಕೊಂಡರು. ಅಂಥ ಧರೆಯ ಬುಡವನ್ನು ಒಮ್ಮೆ ಪುರುಸೊತ್ತಾಗಿ ನೋಡಬೇಕು. ಆ ದ್ವೀಪದಲ್ಲೇ ಇನ್ನೊಂದು ಬೀಚಿನಲ್ಲಿ ನಾನು ಕಂಡದ್ದು ಹೇಳುತ್ತೇನೆ.

ಧರೆಯ ಬುಡದಲ್ಲಿ ಎರಡು ಬಗೆಯ ಕಲ್ಲು ಇತ್ತು. ಒಂದು ಬಗೆ ನುಣ್ಣಗೆ, ಉರುಟು, ಒಂದೇ ಸಮನೆ ಕರಿ. ಎಷ್ಟೋ ವರ್ಷದಿಂದ ಅಲೆ ಅದನ್ನು ಉರುಳಿಸಿದೆ. ಇನ್ನೊಂದು ಬಗೆಗೆ ಅಂಚು ಇನ್ನೂ ಚೂಪು. ಒಂದು ಮೈ ಮಾಸಲು ಕಂದು, ಇನ್ನೊಂದು ಮೈ ಈಗಷ್ಟೇ ಒಡೆದ ಹಾಗೆ ಬೂದುಬಣ್ಣ. ಅದರ ಕೆಳಗಿನ ಮರಳಿನಲ್ಲಿ ಕಲ್ಲು ಬಡಿದ ತಗ್ಗು ಹಾಗೇ ಇತ್ತು. ಅಲೆ ಬಂದು ಅದನ್ನು ಅಳಿಸಿರಲಿಲ್ಲ, ಗಾಳಿ ಮುಚ್ಚಿರಲಿಲ್ಲ. ಅಂದರೆ ಆ ಕಲ್ಲು ಬಿದ್ದು ಬಹಳ ಹೊತ್ತಾಗಿರಲಿಲ್ಲ. ತಲೆ ಎತ್ತಿ ನೋಡಿದರೆ ಗೋಡೆಯಲ್ಲಿ ಅದೇ ಬೂದುಬಣ್ಣದ ಒಂದು ತೇಪೆ, ಸುತ್ತೆಲ್ಲ ಕಂದು. ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಆ ತೇಪೆಯ ನೇರ ಕೆಳಗೆ, ನೆರಳು ಚೆನ್ನಾಗಿದೆ ಅಂತ, ಒಂದು ಕುಟುಂಬ ಊಟಕ್ಕೆ ಕೂತಿತ್ತು. ನಾನು ಹೋಗಿ ಕಲ್ಲು ತೋರಿಸಿದೆ, ತಗ್ಗು ತೋರಿಸಿದೆ. ಭಾಷೆ ಬೇಕಾಗಲಿಲ್ಲ. ಅವರು ಬುಟ್ಟಿ ಎತ್ತಿಕೊಂಡು ನೀರಿನ ಕಡೆ ಸರಿದರು.

ನೆರಳಿನ ವಿಷಯ ಬಹಳ ಮುಖ್ಯ. ಕಪ್ಪು ಮರಳು ಬಿಸಿಲಿಗೆ ಕಾದು ಕಾಲು ಇಡಲು ಆಗದಷ್ಟು ಸುಡುತ್ತದೆ. ಮರ ಇಲ್ಲ, ಗಿಡ ಇಲ್ಲ. ಇರುವುದು ಧರೆಯ ನೆರಳೊಂದೇ. ಜನ ತಾವಾಗಿಯೇ ಬುಡಕ್ಕೆ ಸರಿಯುತ್ತಾರೆ. ಹಾಗಾಗಿ ಒಂದು ಕೊಡೆ, ಒಂದು ಜೊತೆ ಚಪ್ಪಲಿ, ಜಾಸ್ತಿ ನೀರು ಹಿಡಿದುಕೊಂಡು ಹೋಗಿ. ಕೊಡೆ ಇದ್ದರೆ ಗೋಡೆಯ ಹಂಗು ತಪ್ಪುತ್ತದೆ. ಮಳೆ ಬಂದ ಮರುದಿನ ಇಂಥ ಕಡೆ ಹೋಗಲೇಬೇಡಿ. ಗಾಳಿ ಜೋರಾಗಿದ್ದ ದಿನವೂ ಬೇಡ. ಧರೆಯ ತಲೆಯ ಮೇಲೆ ಆಡು ಮೇಯುತ್ತಿದ್ದರೆ ಅದರ ಕೆಳಗೆ ನಿಲ್ಲಬೇಡಿ. ಟೆನೆರಿಫ್ ಸೇರಿದ ಕ್ಯಾನರಿ ದ್ವೀಪಗಳಲ್ಲೂ ಗ್ರೀಸಿನಲ್ಲೂ ಆಡು ಬಹಳ, ಅವು ಕಾಲಿಟ್ಟಲ್ಲಿ ಕಲ್ಲು ಉದುರುತ್ತದೆ.

ಟೆನೆರಿಫ್‌ನಲ್ಲೇ ಮಾಸ್ಕಾ ಅಂತ ಒಂದು ಕಣಿವೆ ಇದೆ. ಹಳ್ಳಿಯಿಂದ ಕಣಿವೆಯೊಳಗೆ ತಾಸುಗಟ್ಟಲೆ ಇಳಿದರೆ ಕಡಲು ಸಿಗುತ್ತದೆ. ಅದನ್ನು ಕೆಲವು ವರ್ಷ ಮುಚ್ಚಿ, ದಾರಿ ಸರಿ ಮಾಡಿ, 2021ರಲ್ಲಿ ಮತ್ತೆ ತೆರೆದರು. ಈಗ ಮೊದಲೇ ಹೆಸರು ಕೊಟ್ಟಿರಬೇಕು, ತಲೆಗೆ ಹೆಲ್ಮೆಟ್ ಹಾಕಲೇಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ. ಬೀಚಿಗೆ ಹೋಗಲು ಹೆಲ್ಮೆಟ್ಟಾ ಅಂತ ನಗುವವರಿದ್ದಾರೆ. ನನಗೆ ಅದು ತುಂಬ ಸರಿಯಾದ ವ್ಯವಸ್ಥೆ ಅನಿಸಿತು. ಜಾಗ ಮುಚ್ಚಿಯೇ ಬಿಡುವುದಕ್ಕಿಂತ, ಎಚ್ಚರದಿಂದ ನೋಡಲು ಬಿಡುವುದು ಒಳ್ಳೆಯದು ಅಲ್ವಾ?

ಸಾಂಟೊರಿನಿಯ ಕೆಂಪು ಬೀಚಿನ ಕಥೆ ಬೇರೆ. ಅಕ್ರೋತಿರಿ ಊರಿನ ಹತ್ತಿರ ಇದೆ. ಅದರ ಧರೆ ಪೂರ್ತಿ ಕೆಂಪು. ಲಾವಾದಲ್ಲಿದ್ದ ಕಬ್ಬಿಣಕ್ಕೆ ಬಿಸಿಯಲ್ಲೇ ಗಾಳಿ ತಾಗಿ ತುಕ್ಕು ಹಿಡಿದ ಬಣ್ಣ ಅದು. ಕಲ್ಲು ಒಳಗೆಲ್ಲ ಪೊಳ್ಳು, ಹಗುರ. ಕೈಯಲ್ಲಿ ಹಿಡಿದು ಉಜ್ಜಿದರೆ ಪುಡಿ ಉದುರುತ್ತದೆ. ಇಂಥದ್ದು ಗೋಡೆಯಾಗಿ ನಿಂತಿದೆ ಅನ್ನುವುದೇ ಆಶ್ಚರ್ಯ. ಅಪಾಯದ ಫಲಕ ಹಾಕಿದ್ದಾರೆ, ಜನ ದಾಟಿ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಆ ಬೀಚನ್ನು ಪಕ್ಕದ ಗುಡ್ಡದ ದಾರಿಯಿಂದ ನೋಡಿ. ಅಲ್ಲಿಂದಲೇ ಅದು ಚೆಂದ. ಕೆಂಪು ಧರೆ, ಕಪ್ಪು ಕೆಂಪು ಬೆರೆತ ದಂಡೆ, ನೀಲಿ ನೀರು, ಮೂರೂ ಒಟ್ಟಿಗೆ ಕಾಣುತ್ತವೆ. 2025ರ ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ಸಾಂಟೊರಿನಿಯಲ್ಲಿ ಸಾಲು ಸಾಲು ಭೂಕಂಪ ಆಯಿತು. ಸಾವಿರಾರು ಜನ ದ್ವೀಪ ಬಿಟ್ಟು ಹೋದರು. ಆಗ ಅಧಿಕಾರಿಗಳು ಧರೆಯ ಬುಡದ ಸಣ್ಣ ಬಂದರುಗಳ ಕಡೆ ಹೋಗಬೇಡಿ ಅಂದರು. ಅಲ್ಲಿ ಎಲ್ಲಕ್ಕಿಂತ ಮೊದಲ ಭಯ ಧರೆಯದ್ದೇ.

ಧರೆ ನೋಡಿ ಅಂತ ಇಷ್ಟು ಹೇಳಿದ ಮೇಲೆ ಕಡಲಿನ ಕಡೆ ತಿರುಗಲೇಬೇಕು. ಐಸ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ ರೇನಿಸ್‌ಫ್ಯಾರ ಅಂತ ಕಪ್ಪು ಬೀಚು ಇದೆ. ಹಿಂದೆ ಬಸಾಲ್ಟ್, ಅಂದರೆ ಆರಿದ ಲಾವಾದ ಕರಿ ಕಲ್ಲಿನ, ಆರು ಮೂಲೆಯ ಕಂಬಗಳ ಗೋಡೆ, ಜನ ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿನ ಅಲೆಯ ಸ್ವಭಾವವೇ ಬೇರೆ. ಹತ್ತು ಅಲೆ ಸಣ್ಣದಾಗಿ ಬರುತ್ತವೆ. ನೀವು ಇಷ್ಟೇ ದೂರ ಬರುತ್ತದೆ ಅಂತ ಲೆಕ್ಕ ಹಾಕಿ ನಿಲ್ಲುತ್ತೀರಿ. ಆಮೇಲೆ ಬರುವ ಒಂದು ಅಲೆ ದಂಡೆಯನ್ನೆಲ್ಲ ಗುಡಿಸಿಕೊಂಡು ಗೋಡೆಯ ತನಕ ಬಂದು ಹೋಗುತ್ತದೆ. ಹಿಂದೆ ಹೋಗುವಾಗಿನ ಸೆಳೆತಕ್ಕೆ ಕಾಲ ಕೆಳಗಿನ ಮರಳೇ ಜಾರುತ್ತದೆ. ಅಲ್ಲಿ ಹಲವರು ಜೀವ ಕಳೆದುಕೊಂಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಒಂಬತ್ತು ವರ್ಷದ ಒಂದು ಹುಡುಗಿ ಹೋದಳು. ಈಗ ಕಡಲು ಎಷ್ಟು ಕೆಟ್ಟಿದೆ ಅಂತ ದೀಪ ಹಾಕಿ ತೋರಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಅಲ್ಲಿಯೇ ಧರೆಯೂ ಜರಿದು ಬೀಚಿನ ಒಂದು ತುದಿ ಮುಚ್ಚಬೇಕಾಯಿತು. ಕಡಲಿಗೆ ಬೆನ್ನು ಹಾಕಬೇಡಿ ಅನ್ನುತ್ತದೆ ಫಲಕ. ಧರೆಗೂ ಬೆನ್ನು ಹಾಕಬೇಡಿ ಅನ್ನುತ್ತೇನೆ ನಾನು. ಹಾಗಾದರೆ ಹೇಗೆ ನಿಲ್ಲುವುದು? ಅಡ್ಡಡ್ಡ ನಡೆಯಿರಿ. ಒಂದು ಭುಜ ಕಡಲಿಗೆ, ಒಂದು ಭುಜ ಧರೆಗೆ. ಕಣ್ಣು ಎರಡೂ ಕಡೆ ಹೋಗುತ್ತದೆ. ನಿಂತು ನೋಡಬೇಕು ಅನಿಸಿದರೆ ಇಬ್ಬರು ಸೇರಿ ನಿಲ್ಲಿ, ಒಬ್ಬರ ಮುಖ ಆ ಕಡೆ, ಇನ್ನೊಬ್ಬರದು ಈ ಕಡೆ.

ಭರತ ಇಳಿತದ ಲೆಕ್ಕ ನಮ್ಮವರಿಗೆ ಕಲಿಸಬೇಕಾಗಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಆದರೆ ಊರಿನಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ಸಾಂಟೊರಿನಿಯ ಕಡಲಿನಲ್ಲಿ ಏರಿಳಿತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕ್ಯಾನರಿ ದ್ವೀಪಗಳಲ್ಲಿ ಅಮಾವಾಸ್ಯೆಗೆ 2 ಮೀಟರಿಗಿಂತ ಜಾಸ್ತಿ. ಅಲ್ಲಿ ಇಳಿತದಲ್ಲಿ ಮೂಲೆ ಸುತ್ತಿ ಪಕ್ಕದ ಬೀಚಿಗೆ ನಡೆದು ಹೋದವರಿಗೆ ಭರತದಲ್ಲಿ ಬಂದ ದಾರಿ ಇರುವುದಿಲ್ಲ. ಹಿಂದೆ ಧರೆ, ಮುಂದೆ ನೀರು. ಗೋಕರ್ಣದಲ್ಲಿ ಹಾಫ್ ಮೂನ್ ಕಡೆಯಿಂದ ಪ್ಯಾರಡೈಸ್ ಕಡೆಗೆ ಬಂಡೆಯ ಮೇಲೆ ಹಾರಿ ಹೋಗುವವರು ಇದೇ ತಪ್ಪು ಮಾಡುತ್ತಾರೆ. ಗುಡ್ಡದ ಮೇಲಿನ ಕಾಲುದಾರಿ ಇರುವಾಗ ಬಂಡೆಯ ಹಾದಿ ಯಾಕೆ?

ಹವಾಯಿಯ ಕವಾಯಿ ದ್ವೀಪದಲ್ಲಿ ನಾ ಪಾಲಿ ಅನ್ನುವ ಕರಾವಳಿ ಇದೆ. ನೀರಿನಿಂದ ಸಾವಿರ ಮೀಟರಿಗೂ ಮೇಲೆ ಎದ್ದ ಹಸಿರು ಧರೆಗಳು. ಅಲ್ಲಿನ ಹನಾಕಾಪಿಯಾಯಿ ಬೀಚಿನಲ್ಲಿ ಬೇಸಿಗೆಗೆ ಮರಳು ಇರುತ್ತದೆ, ಚಳಿಗಾಲದ ದೊಡ್ಡ ಅಲೆಗೆ ಮರಳೆಲ್ಲ ಹೋಗಿ ಬರೀ ಗುಂಡುಕಲ್ಲು ಉಳಿಯುತ್ತದೆ. ನಮ್ಮಲ್ಲೂ ಜೂನ್ ಜುಲೈನಲ್ಲಿ ಹೊಯ್ಗೆ ಹೋಗಿ, ದೀಪಾವಳಿಯ ನಂತರ ಮೆಲ್ಲಗೆ ವಾಪಸು ಬರುತ್ತದಲ್ಲ, ಹಾಗೇ. ಹೊಯ್ಗೆ ಹೋದ ಹೊತ್ತಿನಲ್ಲಿ ಅಲೆ ನೇರವಾಗಿ ಧರೆಯ ಬುಡಕ್ಕೆ ಬಡಿಯುತ್ತದೆ. ಅಂದರೆ ಈ ದಂಡೆ ಧರೆಗೆ ಕಾವಲು. ಹೊಯ್ಗೆ ತೆಗೆದು ಮಾರುವವರು ಇದನ್ನು ಮರೆಯುತ್ತಾರೆ. ಇದು ನನಗೆ ಬಹಳ ನೋವಿನ ವಿಷಯ, ಆದರೆ ಇವತ್ತಿನ ಮಾತು ಅದಲ್ಲ.

ಧರೆ ನೀರಿಗೆ ಬಿದ್ದರೆ ಏನಾಗುತ್ತದೆ? ಇಟಲಿಯ ಸ್ಟ್ರಾಂಬೊಲಿ ದ್ವೀಪದಲ್ಲಿ 2002ರ ಡಿಸೆಂಬರ್ 30ರಂದು ಜ್ವಾಲಾಮುಖಿಯ ಒಂದು ಮಗ್ಗುಲು ಜಾರಿ ಕಡಲಿಗೆ ಬಿತ್ತು. ಎದ್ದ ಅಲೆ ಅದೇ ದ್ವೀಪದ ಕಪ್ಪು ಬೀಚುಗಳಿಗೆ ನುಗ್ಗಿ ಮನೆಗಳಿಗೆ ಹಾನಿ ಮಾಡಿತು. ಚಳಿಗಾಲವಾದ್ದರಿಂದ ಬೀಚಿನಲ್ಲಿ ಪ್ರವಾಸಿಗಳಿರಲಿಲ್ಲ. ಕೆಲವರಿಗೆ ಗಾಯವಾದದ್ದು ಬಿಟ್ಟರೆ ಜೀವಹಾನಿ ಆಗಲಿಲ್ಲ. 2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದಲ್ಲಿ ಅನಕ್ ಕ್ರಕಟೋವಾ ಹೀಗೇ ಕುಸಿದಾಗ ಎದುರಿನ ದಡಗಳಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಇದೆಲ್ಲ ದೂರದ ಸುದ್ದಿ ಅನಿಸಬಹುದು. ಶಿರೂರಿನಲ್ಲಿ ಗುಡ್ಡ ಗಂಗಾವಳಿಗೆ ಬಿದ್ದಾಗ ನದಿಯ ಆಚೆ ದಡದ ಉಳುವರೆಯಲ್ಲಿ ಮನೆಗಳು ಹೋದವು ಅಲ್ವಾ? ಮಣ್ಣು ಈ ದಡದಲ್ಲಿ ಬಿತ್ತು, ನೀರು ಆ ದಡದವರನ್ನು ಹೊಡೆಯಿತು. ಅದೇ ಕ್ರಿಯೆ. ಹಾಗಾಗಿ ಸ್ಟ್ರಾಂಬೊಲಿಯಂಥ ಕಡೆ ಹೋದರೆ ಮೊದಲ ದಿನವೇ ಎತ್ತರಕ್ಕೆ ಹೋಗುವ ದಾರಿ ಯಾವುದು ಅಂತ ನಡೆದು ನೋಡಿಕೊಳ್ಳಿ. ಬಾಣದ ಗುರುತು ಹಾಕಿದ್ದಾರೆ, ಸೈರನ್ ಇಟ್ಟಿದ್ದಾರೆ.

ಇಷ್ಟು ಕೇಳಿ ಯಾರೂ ಹೋಗುವುದೇ ಬೇಡ ಅಂದುಕೊಳ್ಳಬೇಡಿ. ನನಗೆ ಈ ಜಾಗಗಳ ಮೇಲೆ ತುಂಬ ಪ್ರೀತಿ. ಅದರಲ್ಲೂ ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ಮತ್ತು ಮದೀರ ದ್ವೀಪಗಳ ಮೇಲೆ. ಅಲ್ಲಿ ಧರೆ ಜರಿದು ಬುಡದಲ್ಲಿ ಬಿದ್ದ ಮಣ್ಣಿನ ಸಮತಟ್ಟು ಜಾಗಕ್ಕೆ ಫಜಾ ಅನ್ನುತ್ತಾರೆ. ಕೆಲವು ಕಡೆ ಲಾವಾ ಹರಿದು ಕಡಲಿಗೆ ಬಿದ್ದೂ ಅಂಥ ಜಾಗ ಆಗಿದೆ. ಅಝೋರ್ಸ್‌ನ ಸಾವೊ ಜೋರ್ಜ್ ದ್ವೀಪ ಸುಮಾರು 55 ಕಿಲೋಮೀಟರ್ ಉದ್ದ, ಅಗಲ ಬಹಳ ಕಡಿಮೆ. ಎರಡೂ ಮಗ್ಗುಲು ಕಡಿದಾದ ಧರೆ. ಅದರ ಬುಡದಲ್ಲಿ 70ಕ್ಕೂ ಹೆಚ್ಚು ಫಜಾಗಳಿವೆ. ಮೇಲೆ ಚಳಿ, ಮೋಡ, ಗಾಳಿ, ಹಸು ಮೇಯುವ ಹುಲ್ಲುಗಾವಲು. ಕೆಳಗೆ ಬೆಚ್ಚಗೆ. ಧರೆ ಗಾಳಿ ತಡೆಯುತ್ತದೆ, ಕಪ್ಪು ಕಲ್ಲು ಹಗಲಿನ ಬಿಸಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಹಾಗಾಗಿ ಫಜಾ ದೊಸ್ ವೀಮೆಸ್ ಅನ್ನುವಲ್ಲಿ ಕಾಫಿ ಬೆಳೆಯುತ್ತಾರೆ. ಯುರೋಪಿನಲ್ಲಿ ಕಾಫಿ! ಶಿರಸಿ ಕಡೆಯವರು ನೋಡಿದರೆ ಮನೆಗೆ ಬಂದ ಹಾಗೆ ಅನಿಸುತ್ತದೆ. ಕಲ್ಲಿನ ಗಡಿಗೋಡೆ, ಒಳಗೆ ಹತ್ತಿಪ್ಪತ್ತು ಗಿಡ, ಅಂಗಳದಲ್ಲಿ ಹಣ್ಣು ಒಣಗಲು ಹಾಕಿರುತ್ತಾರೆ. ಮದೀರದ ಫಜಾ ದೊಸ್ ಪಾದ್ರೆಸ್‌ನಲ್ಲಿ ಮಾವು, ಬಾಳೆ, ದ್ರಾಕ್ಷಿ. ಸುಮಾರು 300 ಮೀಟರ್ ಧರೆಯನ್ನು ಕೇಬಲ್ ಕಾರಿನಲ್ಲಿ ಇಳಿದು ಅಲ್ಲಿಗೆ ಹೋಗುತ್ತಾರೆ. ನಮ್ಮ ಅಂಕೋಲೆಯ ಕರಿ ಈಶಾಡಿನ ರುಚಿ ಆ ಮಾವಿಗೆ ಇಲ್ಲ. ಆದರೆ ಕಡಲಿನ ಅಂಚಿನಲ್ಲಿ, ಬಿದ್ದ ಧರೆಯ ಮಣ್ಣಿನಲ್ಲಿ ಬೆಳೆದ ಮಾವು ಅದು. ತಿಂದರೆ ಮರೆಯುವುದಿಲ್ಲ.

ಈ ಫಜಾಗಳಲ್ಲಿ ಬದುಕಿದವರಿಗೆ ಧರೆಯ ಮೇಲೆ ಸಿಟ್ಟಿಲ್ಲ, ಸಲಿಗೆಯೂ ಇಲ್ಲ. 1980ರ ಜನವರಿ 1ರ ಭೂಕಂಪದಲ್ಲಿ ಸಾವೊ ಜೋರ್ಜ್‌ನ ಧರೆಗಳು ಅಲ್ಲಲ್ಲಿ ಜರಿದವು, ದಾರಿಗಳು ಹೋದವು. ಎಷ್ಟೋ ಫಜಾಗಳನ್ನು ಜನ ಬಿಟ್ಟು ಮೇಲೆ ಬಂದರು. ಈಗ ಬೇಸಿಗೆಯಲ್ಲಿ ಇಳಿದು ತೋಟ ನೋಡಿಕೊಂಡು, ಚಳಿಗಾಲಕ್ಕೆ ಮೇಲೆ ಬರುವವರೇ ಹೆಚ್ಚು. 2016ರಲ್ಲಿ ಯುನೆಸ್ಕೊ ಈ ಫಜಾಗಳನ್ನು ಜೀವಗೋಲ ಮೀಸಲು ಪ್ರದೇಶ ಅಂತ ಗುರುತಿಸಿತು. ರಾತ್ರಿ ಅಲ್ಲಿ ಉಳಿದರೆ ಧರೆಯ ಸಂದುಗಳಲ್ಲಿ ಗೂಡು ಮಾಡುವ ಒಂದು ಬಗೆಯ ಕಡಲಹಕ್ಕಿ ಕೂಗುವುದು ಕೇಳುತ್ತದೆ. ಮಗು ಅತ್ತ ಹಾಗೆಯೇ. ಮೊದಲ ಸಲ ಕೇಳಿದವರು ಎದ್ದು ಕೂರುತ್ತಾರೆ.

ರಿಯೂನಿಯನ್ ದ್ವೀಪದ ಬಗ್ಗೆ ಹೇಳದೆ ಇರಲಾರೆ. ಹಿಂದೂ ಮಹಾಸಾಗರದಲ್ಲಿದೆ, ಫ್ರಾನ್ಸಿಗೆ ಸೇರಿದ್ದು. ಅದನ್ನು ಹುಟ್ಟಿಸಿದ ಭೂಮಿಯೊಳಗಿನ ಬಿಸಿ ಕೇಂದ್ರವೇ ಸುಮಾರು 6.6 ಕೋಟಿ ವರ್ಷದ ಹಿಂದೆ ನಮ್ಮ ದಖ್ಖನ್ನಿನ ಕಪ್ಪು ಕಲ್ಲಿನ ಪದರಗಳನ್ನು ಉಗುಳಿತು ಅನ್ನುವುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರ ಮಾತು. ಬೆಳಗಾವಿಯಿಂದ ಉತ್ತರಕ್ಕೆ ಹೋಗುವಾಗ ಕಾಣುವ ಕರಿ ಕಲ್ಲು ಅದೇ. ಆಮೇಲೆ ಭಾರತ ಉತ್ತರಕ್ಕೆ ಸರಿಯಿತು, ಬೆಂಕಿ ಅಲ್ಲೇ ಉಳಿಯಿತು. ನಡುದಾರಿಯಲ್ಲಿ ಅದು ಬಿಟ್ಟ ಗುರುತಿನ ಮೇಲೆಯೇ ಲಕ್ಷದ್ವೀಪದ ಹವಳದ ದಿಬ್ಬಗಳು ಕೂತಿವೆ. ರಿಯೂನಿಯನ್‌ನ ರಾಜಧಾನಿಗೆ ಹೋಗುವ ಕರಾವಳಿ ರಸ್ತೆ ಧರೆಯ ಬುಡದಲ್ಲೇ ಇತ್ತು. ಧರೆಗೆ ಬಲೆ ಹೊದಿಸಿದರು. ಮಳೆ ಬಂದರೆ ಧರೆ ಕಡೆಯ ಪಥ ಮುಚ್ಚುತ್ತಿದ್ದರು. ಆದರೂ 2006ರಲ್ಲಿ ಕಲ್ಲು ಬಿದ್ದು ಇಬ್ಬರು ಸತ್ತರು. ಕೊನೆಗೆ ಧರೆಯಿಂದ ದೂರ, ಕಡಲಿನ ಮೇಲೇ 5.4 ಕಿಲೋಮೀಟರ್ ಸೇತುವೆ ಕಟ್ಟಿ 2022ರಲ್ಲಿ ತೆರೆದರು. ಖರ್ಚು ವಿಪರೀತ, ಪರಿಸರದ ತಕರಾರೂ ಇತ್ತು. ನಮ್ಮಲ್ಲಿ ಕಡಲಿಗೆ ಸೇತುವೆ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಮಳೆ ಹೆಚ್ಚಾದ ದಿನ ಧರೆ ಕಡೆಯ ಪಥ ಮುಚ್ಚುವುದಕ್ಕೆ ಸೇತುವೆಯ ದುಡ್ಡು ಬೇಡ. ಅಂಕೋಲಾ ಕುಮಟಾ ನಡುವೆ ಓಡಾಡುವ ನಾವೆಲ್ಲ ಅದನ್ನು ಕೇಳಬೇಕು, ಬಿಡದೆ ಕೇಳಬೇಕು.

ಪ್ರಶ್ನೆಗಳಿಗೆ ಬರುತ್ತೇನೆ.

ಶಿರಸಿಯಿಂದ ಬಂದ ಅಕ್ಕ ಒಬ್ಬರು, ಕಪ್ಪು ಮರಳು ಸ್ವಲ್ಪ ತರಬಹುದಾ ಅಂತ ಕೇಳಿದರು. ಬೇಡ ಅಕ್ಕಾ. ಹವಾಯಿಯಲ್ಲಿ ಅದು ಕಾನೂನಿಗೆ ವಿರುದ್ಧ. ಕ್ಯಾನರಿ ದ್ವೀಪಗಳ ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿ ಕಲ್ಲು, ಮರಳು ತೆಗೆದಿಡುತ್ತಾರೆ. ಹೋದ ಮರಳು ಎಲ್ಲ ಕಡೆ ಮತ್ತೆ ಹುಟ್ಟುವುದಿಲ್ಲ. ಹವಾಯಿಯ ಪಾಪಾಕೋಲೆಯ ಹಸಿರು ಮರಳು ಸುಮಾರು 49,000 ವರ್ಷದ ಹಿಂದಿನ ಒಂದೇ ಒಂದು ಬೂದಿಗುಡ್ಡದಿಂದ ಬರುತ್ತಿದೆ. ಆ ಗುಡ್ಡ ಮುಗಿದರೆ ಹಸಿರು ಮರಳೂ ಮುಗಿಯಿತು. ಕಾಯಿಮೂ ಅನ್ನುವ ಕಪ್ಪು ಬೀಚು 1990ರಲ್ಲಿ ಲಾವಾದ ಅಡಿಗೆ ಪೂರ್ತಿ ಹೋಯಿತು. ಬೇಕಾದರೆ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಕಪ್ಪು ಮರಳಿಗೆ ಹಿಡಿದರೆ ಕೆಲವು ಕಣ ಮೀಸೆಯ ಹಾಗೆ ಎದ್ದು ನಿಲ್ಲುತ್ತವೆ. ಮಕ್ಕಳಿಗೆ ತುಂಬ ಖುಷಿ. ನೋಡಿ ಅಲ್ಲೇ ಉದುರಿಸಿ ಬನ್ನಿ.

ಸಣ್ಣ ಮಕ್ಕಳನ್ನು ಕರೆದುಕೊಂಡು ಯಾವುದಕ್ಕೆ ಹೋಗಬಹುದು ಅಂತ ಒಬ್ಬರು ಕೇಳಿದರು. ಸಾಂಟೊರಿನಿಯಲ್ಲಿ ಪೆರಿಸಾ, ಕಾಮಾರಿ ಒಳ್ಳೆಯವು. ಉದ್ದ ಕಪ್ಪು ದಂಡೆ, ಹಿಂದೆ ಬಯಲು, ಅಂಗಡಿ ಸಾಲು. ದೊಡ್ಡ ಬಂಡೆಬೆಟ್ಟ ಒಂದು ತುದಿಯಲ್ಲಿ ಮಾತ್ರ ಇದೆ. ಅದರಿಂದ ದೂರದ ತುದಿಯಲ್ಲಿ ಕೂತು ಅದನ್ನೇ ನೋಡಬಹುದು. ಆದರೆ ನೀರು ಬೇಗ ಆಳ ಆಗುತ್ತದೆ, ಮಕ್ಕಳ ಕೈ ಬಿಡಬೇಡಿ.

ಇಲ್ಲಿಯೇ ಹತ್ತಿರದಲ್ಲಿ ಅಂಥದ್ದೇನಾದರೂ ಇದೆಯಾ ಅಂತ ಹುಡುಗರು ಕೇಳಿದರು. ಜ್ವಾಲಾಮುಖಿಯ ಕಲ್ಲು ನೋಡಬೇಕಾದರೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ. ಸುಮಾರು 8.8 ಕೋಟಿ ವರ್ಷ ಹಳೆಯ ಕಂಬಗಳು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಎತ್ತರದ ಧರೆ ಅಲ್ಲಿಲ್ಲ. ಉರಿಯುವ ಜ್ವಾಲಾಮುಖಿ ನಮ್ಮ ದೇಶದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಅದನ್ನು ಹಡಗಿನಿಂದ ನೋಡಬಹುದು, ಇಳಿಯಲು ಬಿಡುವುದಿಲ್ಲ.

ಕಪ್ಪು ಮರಳು ಮತ್ತು ಹಿಂದೆ ಗುಡ್ಡ, ಎರಡೂ ಬೇಕಾದರೆ ನಮ್ಮ ಮಾಜಾಳಿಯ ಆಚೆಯ ತಿಳಮಾತಿ ಬೀಚು ಇದೆಯಲ್ಲ. ಎಳ್ಳಿನಂಥ ಕಾಳು ಕಾಳು ಮರಳು. ಮಾಜಾಳಿಯಿಂದ ಗುಡ್ಡದ ಹಾದಿಯಲ್ಲಿ ನಡೆದು ಹೋಗಿ. ದೋಣಿಯಲ್ಲಿ ಹೋಗುವುದಾದರೆ ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಜನ ಜಾಸ್ತಿ ಆಗಿಲ್ಲವಾ ಅಂತ ನೋಡಿಯೇ ಹತ್ತಿ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ಹೋದದ್ದು ಈ ಊರಿನಲ್ಲಿ ಯಾರೂ ಮರೆತಿಲ್ಲ. ತಿಳಮಾತಿಗೆ ಮಳೆಗಾಲ ಬೇಡ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ, ಬೆಳಿಗ್ಗೆ, ಇಳಿತ ಇರುವ ಹೊತ್ತು ನೋಡಿಕೊಂಡು ಹೊರಡಿ. ಕುಡಿಯುವ ನೀರು, ಕೊಡೆ ಹಿಡಿದುಕೊಳ್ಳಿ, ಅಲ್ಲಿ ಅಂಗಡಿ ನಂಬಿಕೊಂಡು ಹೋಗಬೇಡಿ. ಮುಂದಿನ ತಿಂಗಳು ನಾವು ಕೆಲವರು ಹೋಗುವವರಿದ್ದೇವೆ, ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ.